ನಾಗಲವ್ವನ ಒರತೆ ಮತ್ತು ಹದಿನೆಂಟು ನಿಲುಗಲ್ಲುಗಳು

ಈ ಬೋರೆಗುಡ್ಡದ ನೆತ್ತಿಗೆ ನೇಗಿಲು ಸೋಕದೆ, ಅರಸರ ಆಜ್ಞೆಯೂ ತಲುಪದೆ, ಎತ್ತ ನೋಡಿದರತ್ತ ಹುಲ್ಲೇ ಅಲೆಯಾಡುತ್ತಿದ್ದ ಪುರಾತನ ಕಾಲದಲ್ಲಿ, ಹತ್ತೊಂಬತ್ತು ಮಂದಿ ಕುರಿಗಾಹಿಗಳು ತಮ್ಮ ಹಿಂಡುಗಳೊಡನೆ ಇಲ್ಲಿ ನೆಲೆಸಿ, ಪಡುವಣ ಬಂಡೆಯ ಬುಡದಲ್ಲಿ ಜಿನುಗುವ ಏಕೈಕ ಒರತೆಯನ್ನು ಮಾತೃಸ್ವರೂಪಿಣಿಯೆಂದು ಭಾವಿಸಿ ಪೂಜಿಸುತ್ತಿದ್ದರು. ಒಂದು ಗ್ರೀಷ್ಮದಲ್ಲಿ ಆ ನೀರು ಕುಡಿದ ಕುರಿಗಳು ನೊರೆಗಾರಿ ಸಾಯತೊಡಗಿದವು.

ಅದೇ ಮಾಸದಲ್ಲಿ ನಾಗಲವ್ವನೆಂಬ ಮದ್ದು ಬಲ್ಲ ವಿಧವೆಯೊಬ್ಬಳು ಕೆಳನಾಡಿನಿಂದ ಬಂದು ಬಂಡೆಯ ಮರೆಯಲ್ಲಿ ಗುಡಿಸಲು ಹಾಕಿಕೊಂಡಿದ್ದಳು. ಪ್ರತಿದಿನ ಪ್ರಾತಃಕಾಲದಲ್ಲಿ ಆಕೆ ಮುಚ್ಚಿದ ಬುಟ್ಟಿಯೊಡನೆ ಒರತೆಯತ್ತ ಸುಳಿಯುವುದನ್ನು ಕಂಡಿದ್ದ ಕುರಿಗಾಹಿಗಳ ಹಿರಿಯ ಕೆಂಚಯ್ಯನು ಒಂದು ಮುಂಜಾನೆ ಒರತೆಯ ಬಳಿಯೇ ಅಡ್ಡಗಟ್ಟಿ ಬುಟ್ಟಿ ತೆರೆಸಲು, ಅದರ ತುಂಬ ವಿಷಮಯವಾದ ಕಣಗಿಲೆ ಎಲೆಗಳಿದ್ದವು.

“ನಾ ಹಾಕಿಲ್ಲೋ ಯಪ್ಪಾ, ತಗೀಲಿಕ್ಕೆ ಹತ್ತೀನಿ! ಬಂಡೆಗಲ್ಲ ಮ್ಯಾಲಿನ ಬಿರುಕಿನಾಗ ಗಿಡ ಅದಾವು, ಎಲಿ ಉದುರಿ ನೀರಾಗ ಕೊಳೀತಾವು. ಹತ್ತಿ ನೋಡ್ರಿ,” ಎಂದಳು ನಾಗಲವ್ವ.

“ನಾವು ಹತ್ತೂದು, ನೀ ಓಡಿಹೋಗಾಕ ಏನು?” ಎಂದ ಕೆಂಚಯ್ಯ.

ಹತ್ತೊಂಬತ್ತು ಮಂದಿಯೂ ಆಕೆಯನ್ನು ನಡುವೆ ಕೂರಿಸಿ ಸುತ್ತುವರಿದು ನಿಂತರು. ಬಂಡೆಯನ್ನೇರಿ ನೋಡಲು ಒಬ್ಬನನ್ನು ಕಳಿಸೋಣವೆಂದರೆ, ಹೋದವನು ಆಕೆಯೊಡನೆ ಸಂಚು ಹೂಡಿದವನಾಗಿದ್ದರೆ ಎಂಬ ಶಂಕೆ. ಕುಳಿತು ದಣಿವಾರಿಸಿಕೊಳ್ಳೋಣವೆಂದರೆ, ಪಕ್ಕದವನು ಆಕೆಯನ್ನು ಬಿಟ್ಟುಬಿಟ್ಟಾನೆಂಬ ಭೀತಿ. ಹೀಗೆ ಎರಡು ದಿನ ಒಬ್ಬರ ಮುಖವನ್ನೊಬ್ಬರು ದಿಟ್ಟಿಸುತ್ತ ನಿಂತೇ ಇದ್ದರು.

ಮೂರನೆಯ ದಿನ ಮಧ್ಯಾಹ್ನ ಮಾಳಿಂಗನೆಂಬವನು ಈಶಾನ್ಯದಲ್ಲಿದ್ದ ತನ್ನ ಜಾಗ ಬಿಟ್ಟು ಮುಂದೆ ಬಂದು, ಬಾಯಾರಿ ಬಳಲಿದ್ದ ಆಕೆಯ ಬಳಿ ಕುಳಿತನು. ಎಲ್ಲರಿಗಿಂತ ಹೆಚ್ಚು ಕುರಿ ಕಳೆದುಕೊಂಡವನು ಅವನೇ.

“ಯವ್ವಾ, ಈಗ ನೀರು ಸ್ವಚ್ಛ ಐತೇನು?”

“ಬುಟ್ಟಿ ಕಸಗೊಂಡ ದಿನ ಪೂರಾ ತಗದಿದ್ದೆ. ಎರಡು ದಿನದಿಂದ ಗಾಳಿ ಇಲ್ಲ, ಎಲಿ ಬಿದ್ದಿರಲಿಕ್ಕಿಲ್ಲ. ಮೊದಲ ನಾ ಕುಡೀತೀನಿ.”

ಇಬ್ಬರೂ ಒರತೆಗೆ ನಡೆದು ಒಂದೇ ಸೋರೆಬುರುಡೆಯಿಂದ ನೀರು ಕುಡಿದರು. ಸೂರ್ಯನು ಪಡುವಣಕ್ಕಿಳಿದರೂ ಇಬ್ಬರಿಗೂ ಏನೂ ಆಗಲಿಲ್ಲ. ಆದರೂ ಕೆಂಚಯ್ಯನು, “ಇಕಿ ಅವಗ ಮೊದಲ ವಿಷ ತಡಿಯೂ ಮದ್ದು ತಿನಿಸ್ಯಾಳ!” ಎಂದು ಕೋಲೆತ್ತಲು, ಒರತೆಯ ಗರ್ಭದಿಂದ ದಿಗಂತಗಳು ಮಾರ್ದನಿಗೊಡುವಂತೆ ಅಶರೀರವಾಣಿಯು ಮೊಳಗಿತು:

“ಎಲೈ ಸಂಶಯಗ್ರಸ್ತರಿರಾ! ಸತ್ಯವು ನೂರು ಹೆಜ್ಜೆಯ ಮೇಲಿರಲು, ಅದನ್ನು ನೋಡದಿರಲೆಂದೇ ಮೂರು ದಿನ ನಿಂತಿರಿ. ನಿಂತ ನಿಂತಲ್ಲಿ ನಿಮ್ಮ ನಿಮ್ಮ ಎತ್ತರದ ಶಿಲೆಯನ್ನು ನೆಡಿರಿ. ಬಿಟ್ಟು ಬಂದವನ ಎಡೆಯಲ್ಲಿ ಮಾತ್ರ ನಾನಿರುವೆನು.”

ಕೋಲನ್ನು ಕೆಳಗಿಟ್ಟು ಬಂಡೆಯನ್ನೇರಿದ ಕೆಂಚಯ್ಯನು ಬಿರುಕಿನಲ್ಲಿ ಹೂಬಿಟ್ಟು ನಿಂತಿದ್ದ ಕಣಗಿಲೆಯನ್ನು ಕಂಡು, ಇಳಿದು ಬಂದು ನಾಗಲವ್ವನ ಪಾದಕ್ಕೆರಗಿದನು. ಆಕೆ ಪಾದವನ್ನು ಹಿಂದಕ್ಕೆಳೆದುಕೊಂಡಳು.

“ಗಿಡ ಬೇರುಸಹಿತ ಕೀಳ್ರಿ. ನಾ ಇನ್ನ ಇಲ್ಲಿ ಇರೂದಿಲ್ಲ,” ಎಂದಷ್ಟೇ ನುಡಿದು, ಬುಟ್ಟಿ ಹೊತ್ತು ಮೂಡಣ ಇಳಿಜಾರಿನಲ್ಲಿ ಇಳಿದುಹೋದಳು. ಮಾಳಿಂಗನು ಬಹುದೂರ ಹಿಂದೆ ಹೋಗಿ ಕರೆದರೂ ತಿರುಗಿ ನೋಡಲಿಲ್ಲವಂತೆ.

ಅಂದು ನೆಟ್ಟ ಹದಿನೆಂಟು ಶಿಲೆಗಳು ಇಂದಿಗೂ ಬೋರೆಯ ಮೇಲೆ ವರ್ತುಲಾಕಾರವಾಗಿ ನಿಂತಿದ್ದು, ಅವುಗಳಿಗೆ ಅರ್ಚನೆಯಿಲ್ಲ, ಆರತಿಯಿಲ್ಲ. ಪರಸ್ಪರ ಶಂಕೆಯಿಂದ ಮಾತು ಬಿಟ್ಟ ಸೋದರರೂ ದಂಪತಿಗಳೂ ವೈಶಾಖ ಹುಣ್ಣಿಮೆಯಂದು ಇಲ್ಲಿಗೆ ಬಂದು, ನಾಗಲವ್ವನ ಹೆಸರಿನ ಒರತೆಯಿಂದ ಒಂದೇ ಪಾತ್ರೆಯಲ್ಲಿ ತೀರ್ಥ ಸೇವಿಸುವರು. ಅರಿಶಿನ ಕುಂಕುಮಗಳು ಸಲ್ಲುವುದು ಈಶಾನ್ಯ ದಿಕ್ಕಿನಲ್ಲಿ ಕಲ್ಲಿಲ್ಲದ ಆ ಬರಿಯ ನೆಲಕ್ಕೆ.