ಸಾವಿರ ಗಾಡಿಯಲ್ಲಿ ಇಲ್ಲದ ಹಲ್ಲುಚಕ್ರ

"ಕೇಳ್ರಪ್ಪೋ ಕೇಳ್ರಿ! ಮೂಡುಗಿರಿ ಮಹಾರಾಜರ ಗುಜರಿ ಹಟ್ಟಿಯ ಬಾಗಿಲು ನಾಳೆ ತೆರೀತದೆ. ಅರಸರ ಮೂರು ಒಗಟು ಬಿಡಿಸಿದವನು ಬೇಕಾದ ಬಿಡಿಭಾಗ ಒಂದನ್ನ ಬಿಚ್ಚಿಕೊಂಡು ಹೋಗಬಹುದು. ತಪ್ಪಿದವನ ತಲೆ ಸಂಜೆಗೆ ಹೋಗ್ತದೆ!"

ಒಂದು ತುಂಡು ಕಬ್ಬಿಣಕ್ಕೆ ತಲೆ ಒತ್ತೆ ಇಡೋ ಹುಚ್ಚರು ಯಾರಪ್ಪ ಅಂತ ನಗಬೇಡಿ. ಆ ರಾಜ್ಯದಲ್ಲಿ ಮೋಟಾರು ಗಾಡಿ ಮಾಡುವ ಕಾರ್ಖಾನೆ ಇದ್ದದ್ದೇ ಒಂದು, ಅದು ಮುಚ್ಚಿ ಎಂಟು ವರ್ಷವಾಗಿತ್ತು. ಕೆಟ್ಟ ಗಾಡಿಗಳಲ್ಲಿ ಬಹುಪಾಲನ್ನು ಅರಸ ತನ್ನ ಹಟ್ಟಿಗೆ ಎಳೆಸಿ, ಒಂದು ಬೋಲ್ಟನ್ನೂ ಮುಟ್ಟಗೊಡದೆ ಕಾವಲು ಹಾಕಿಸಿದ್ದ. ಯಾಕೆ ಅಂತ ಕೇಳುವ ಧೈರ್ಯ ಯಾರಿಗಿತ್ತು?

ಬೆಟ್ಟದ ಮೇಲಿನ ಕಲ್ಲುಹಟ್ಟಿಯಲ್ಲಿ ಗವಿಯ ಎಂಬವನೊಬ್ಬ ವ್ಯಾನು ಓಡಿಸುತ್ತಿದ್ದ. ಊರಿಗೆ ಇದ್ದದ್ದು ಅದೊಂದೇ ಗಾಡಿ. ಅದರ ಎರಡನೇ ಗೇರಿನ ಹಲ್ಲುಚಕ್ರ ಸವೆದು ಅದು ಮೂಲೆ ಸೇರಿತ್ತು. ಗವಿಯ ಒಂಬತ್ತು ದಿನ ಸಣ್ಣಪುಟ್ಟ ಗುಜರಿಗಳನ್ನೆಲ್ಲ ಸುತ್ತಿದ. ಒಂದು ಕಡೆ, "ನಿನ್ನೆ ಬಂದಿದ್ರೆ ಇತ್ತಲ್ಲೋ ಮಾರಾಯ!" ಇನ್ನೊಂದು ಕಡೆ, "ಇಡೀ ಗಾಡಿ ತಗೊಂಡ್ರೆ ಮಾತ್ರ." ಮತ್ತೊಂದು ಕಡೆ ಅರ್ಧ ದಿನ ಗಾಡಿಯಡಿ ಮಲಗಿ, ಬೆರಳ ಗಂಟು ಸುಲಿದುಕೊಂಡು ಗೇರುಪೆಟ್ಟಿಗೆ ಇಳಿಸಿದರೆ ಒಳಗಿನ ಚಕ್ರ ತನ್ನದಕ್ಕಿಂತ ಬೋಳು. ಸಿಟ್ಟಿಗೆ ಅದನ್ನೇ ಒದ್ದು ಕಾಲೂ ಊದಿಸಿಕೊಂಡ, ಪುಣ್ಯಾತ್ಮ.

ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೆಂಡತಿ ಸಂಕವ್ವನಿಗೆ ದಿನ ತುಂಬಿತ್ತು. ಮೊದಲ ಮಗು ಆಸ್ಪತ್ರೆಯ ದಾರಿಯಲ್ಲಿ, ಎತ್ತಿನ ಗಾಡಿಯಲ್ಲೇ ಹುಟ್ಟಿ, ಅಲ್ಲೇ ಕಣ್ಣು ಮುಚ್ಚಿತ್ತು. ಇನ್ನೊಂದನ್ನು ಹಾಗೆ ಕಳೆದುಕೊಂಡರೆ ತಾನು ಬದುಕಿಯೂ ಸತ್ತಂತೆ ಅಂತ ಅವನಿಗೆ ಅನ್ನಿಸುತ್ತಿತ್ತು.

"ತಲೆ ಕೊಟ್ಟು ಚಕ್ರ ತರ್ತೀಯಾ? ಗಾಡಿ ಓಡಿಸೋಕೆ ತಲೆ ಬೇಡ್ವಾ?" ಅಂದಳು ಸಂಕವ್ವ.

"ಬೇಕು. ಅದಕ್ಕೇ ತಿರುಗಿ ಬರ್ತೀನಿ," ಅಂದು ಬೋಲ್ಟು ಬಿಚ್ಚುವ ಪಾನಾ ಹೆಗಲಿಗೇರಿಸಿ ಹೊರಟ.

ಗುಜರಿ ಹಟ್ಟಿಯ ಮುಂದೆ ಇವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಅರಸ ನಡೆದೇ ಬಂದ, ಬಿಳೀ ಗಡ್ಡ, ನಗೆಯಿಲ್ಲದ ಮುಖ. ಮೊದಲಿಗೆ ಜವಳಿ ವ್ಯಾಪಾರಿ ರುದ್ರಾಕ್ಷಪ್ಪನನ್ನು ಕೇಳಿದ: "ಬದುಕಿದ್ದಾಗ ಒಂದೇ ದಾರಿ ಓಡುತ್ತಿತ್ತು. ಸತ್ತ ಮೇಲೆ ಏಕಕಾಲಕ್ಕೆ ನೂರು ದಾರಿ ಓಡುತ್ತದೆ. ಏನದು?"

ವ್ಯಾಪಾರಿ ಕೈ ಮುಗಿದು ಹಲ್ಲು ಕಿರಿದ. "ತಮ್ಮಂಥ ಮಹಾರಾಜರ ಕೀರ್ತಿ, ಪ್ರಭು!"

"ನಾನಿನ್ನೂ ಸತ್ತಿಲ್ಲ," ಅಂದ ಅರಸ. ಭಟರು ವ್ಯಾಪಾರಿಯನ್ನು ಎಳೆದುಕೊಂಡು ಹೋದರು.

ಅದೇ ಒಗಟಿಗೆ ಪೈಲ್ವಾನ ಕೆಂಚೇಗೌಡ ತಲೆ ಕೆರೆದುಕೊಂಡು, ಗುಜರಿಯತ್ತ ನೋಡಿ, "ಬಿಚ್ಚಿ ಹಂಚಿದ ಗಾಡಿ!" ಅಂದ. ಸರಿಯಾಗಿತ್ತು. ಅರಸ ಎರಡನೆಯದನ್ನು ಕೇಳಿದ: "ಬಾಯಿಲ್ಲ, ಆದರೂ ಕಚ್ಚಿದರೆ ಬಿಡುವುದಿಲ್ಲ. ಬಲವಂತನ ಕೈಯಲ್ಲಿ ಮುರಿಯುತ್ತದೆ, ತಾಳ್ಮೆಯವನಿಗೆ ಸಡಿಲುತ್ತದೆ. ನೀರಿನಿಂದ ಬಂದ ಸಿಟ್ಟು ಎಣ್ಣೆಯಿಂದ ಇಳಿಯುತ್ತದೆ."

"ಉಡ! ಉಡದ ಹಿಡಿತ ಅಂತಾರಲ್ಲ!"

"ಉಡಕ್ಕೆ ಬಾಯಿದೆ. ನಿನಗೆ ಅದೊಂದೇ ಇರೋದು." ಪೈಲ್ವಾನನೂ ಹೋದ.

ಮುಂದೆ ಬಂದವನು ಗವಿಯ. ಮೊದಲನೆಯದು ಕೇಳಿಯೇ ಆಗಿತ್ತು, "ಗುಜರಿ ಗಾಡಿ ಬುದ್ಧಿ," ಅಂದ. ಎರಡನೆಯದಕ್ಕೆ ಸುಲಿದ ಬೆರಳು ತೋರಿಸಿದ. "ತುಕ್ಕು ಹಿಡಿದ ಬೋಲ್ಟು. ಇದು ಅದು ಕಚ್ಚಿದ ಗಾಯ. ಬೇಗ ಕೇಳಿ ಬುದ್ಧಿ, ಮನೇಲಿ ಹೆಂಡ್ತಿ ನೋವು ತಿಂತಿದ್ದಾಳೋ ಏನೋ."

ಅರಸ ಅವನನ್ನೇ ದಿಟ್ಟಿಸಿದ. "ನನ್ನ ಹಟ್ಟಿಯಲ್ಲಿ ಸಾವಿರ ಗಾಡಿ. ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಅದು ಒಂದೊಂದು ಗಾಡಿಯಲ್ಲೂ ಇದೆ, ಹುಡುಕಿದವನಿಗೆ ಒಂದೂ ಇಲ್ಲ. ಏನದು?"

ಗವಿಯನಿಗೆ ಉತ್ತರ ತಿಳಿದಿತ್ತು, ತಿಳಿದದ್ದಕ್ಕೇ ಅಳು ಬಂತು.

"ನಾನು ಕೇಳೋಕೆ ಬಂದದ್ದೇ ಅದು ಬುದ್ಧಿ. ಎರಡನೇ ಗೇರಿನ ಚಕ್ರ. ಬೆಟ್ಟ ಹತ್ತೋ ಗಾಡಿಗೆಲ್ಲ ಸವೆಯೋದು ಅದೇ. ಅದು ಸವೆದೇ ಇವೆಲ್ಲ ಇಲ್ಲಿಗೆ ಬಂದು ಬಿದ್ದಿವೆ. ಎಲ್ಲದರಲ್ಲೂ ಚಕ್ರ ಇದೆ, ಒಂದರಲ್ಲೂ ಹಲ್ಲಿಲ್ಲ."

"ಗೆದ್ದೆ. ಬೇಕಾದ್ದು ಬಿಚ್ಚಿಕೋ."

"ಏನು ಬಿಚ್ಚಲಿ? ಕನ್ನಡಿ ಬಿಚ್ಚಲಾ? ಹಾರನ್ನು ಬಿಚ್ಚಲಾ?" ಗವಿಯ ಕೂಗಿಬಿಟ್ಟ. ಸಾಲುಗಳ ನಡುವೆ ಅತ್ತಿಂದಿತ್ತ ಓಡಾಡಿದ. ಥಟ್ಟನೆ ನಿಂತ. "ಬುದ್ಧಿ, ಮುಪ್ಪಾಗಿ ಸತ್ತವು ನಂಗೆ ಬೇಡ. ಹೊಸದರಲ್ಲೇ ಅಪಘಾತವಾಗಿ ಬಂದದ್ದು ಒಂದಾದರೂ ಇದ್ಯಾ? ಅದರ ಗೇರು ಸವೆದಿರಲ್ಲ."

ಭಟರು ನೆಲ ನೋಡಿದರು. ಅರಸ ಹಟ್ಟಿಯ ಹಿಂಬದಿಗೆ ತಿರುಗಿದ.

"ಇದೆ," ಅಂದ. "ನನ್ನ ಮಗನದು."

ಹಟ್ಟಿಯ ಹಿಂದಿನ ಕೊಟ್ಟಿಗೆಯಲ್ಲಿ, ರೇಷ್ಮೆ ಹೊದಿಕೆಯಡಿ, ಮುಂಭಾಗ ನಜ್ಜುಗುಜ್ಜಾದ ಗಾಡಿಯಿತ್ತು. ಮಗನ ಗಾಡಿಯನ್ನು ಯಾರೂ ಮುಟ್ಟಬಾರದೆಂದು ಅರಸ ಗುಜರಿಗೇ ಬೇಲಿ ಹಾಕಿದ್ದ. ಬಿಡಿಭಾಗ ಕೇಳಿ ಜನ ಗೋಗರೆದಾಗ, ತಲೆಯ ಭಯಕ್ಕಾದರೂ ದೂರವಿರಲಿ ಅಂತ ಒಗಟು ಒಡ್ಡಿದ್ದ. ಗವಿಯನಿಗೆ ಬೇಡ ಬುದ್ಧಿ ಅನ್ನೋಣವೆಂದರೆ ಸಂಕವ್ವನ ಮುಖ ಕಣ್ಣ ಮುಂದೆ ಬಂತು.

"ನನ್ನ ಮೊದಲ ಮಗುವೂ ದಾರೀಲೇ ಹೋಯ್ತು ಬುದ್ಧಿ," ಅಂದ.

ಅರಸ ಕೈ ಚಾಚಿ ಪಾನಾ ಇಸಿದುಕೊಂಡ. ತಾನೇ ಗಾಡಿಯಡಿ ಮಲಗಿದ. ಬೋಲ್ಟಿಗೆ ಎಣ್ಣೆ ಬಿಟ್ಟು ಕಾಯುವಷ್ಟು ಹೊತ್ತೂ ಮಗನ ವಿಷಯ ಹೇಳಿದ, ಎಂಟು ವರ್ಷದಲ್ಲಿ ಮೊದಲ ಸಲ. ಗವಿಯ ಕಾಲು ಕುಣಿಸುತ್ತ ಕೇಳಿಸಿಕೊಂಡ.

ಚಕ್ರ ಹೊರಬಂತು, ಹಲ್ಲೆಲ್ಲ ಹೊಳೆಯುತ್ತ. ಅರಸ ಅದನ್ನು ಪಂಚೆಯ ಚುಂಗಿನಲ್ಲಿ ಒರೆಸಿ ಗವಿಯನ ಅಂಗೈಗಿಟ್ಟ.

"ಹನ್ನೊಂದೇ ದಿನ ಓಡಿತ್ತಪ್ಪ. ಮಿಕ್ಕಿದ್ದು ನೀನು ಓಡಿಸು."

ವ್ಯಾಪಾರಿಯ ತಲೆಯೂ ಪೈಲ್ವಾನನ ತಲೆಯೂ ಅವರವರ ಹೆಗಲ ಮೇಲೇ ಮನೆಗೆ ಹೋದವು. ಮರುದಿನ ಬೆಳಗ್ಗೆ ಕಲ್ಲುಹಟ್ಟಿಯ ವ್ಯಾನು ಬೆಟ್ಟ ಇಳಿದು ಆಸ್ಪತ್ರೆ ಮುಟ್ಟಿತು. ಹೆಣ್ಣುಮಗು, ಗಂಟಲು ಕಿತ್ತುಹೋಗುವ ಹಾಗೆ ಅತ್ತಿತು. ಸುದ್ದಿ ಮುಟ್ಟಿದ ದಿನವೇ ಅರಸ ಹಟ್ಟಿಯ ಬೀಗ ಕಿತ್ತು ಗುಜರಿಯ ರಾಶಿಗೆ ಎಸೆದ. ಯಾರಿಗಾದರೂ ಬೇಕಾದರೆ ಹೋಗಿ ಹುಡುಕಿಕೊಳ್ಳಿ, ಅಲ್ಲೇ ಎಲ್ಲೋ ಬಿದ್ದಿರಬೇಕು.