ಜಂತುರಾಯನ ಮೇಲೆ ಗಡ್ಡೆಮ್ಮನ ಹೊಟ್ಟೆಕಿಚ್ಚು

ಪ್ರಯೋಗಶಾಲೆಯ ಪಂಜರದಲ್ಲಿ ಒಂದು ಬಿಳಿ ಇಲಿ. ಅದರ ಪಕ್ಕೆಯೊಳಗೆ ಗಡ್ಡೆಮ್ಮ ಎಂಬ ಕ್ಯಾನ್ಸರ್ ಗಡ್ಡೆ ಸದ್ದಿಲ್ಲದೆ ತಿಂದುಂಡು ಕೊಬ್ಬುತ್ತಿದ್ದಳು. ರಕ್ತದ ಕಾವಲುಗಾರರು ಎದುರು ಬಂದಾಗಲೆಲ್ಲ, "ನಾನು ಇದೇ ಮನೆ ಮಗಳಪ್ಪಾ," ಎಂದು ತಲೆ ತಗ್ಗಿಸುತ್ತಿದ್ದಳು. ಆ ಪೆದ್ದರೂ, "ಹೌದಲ್ಲ, ನಮ್ಮವಳೇ," ಎಂದು ಮುಂದೆ ಹೋಗುತ್ತಿದ್ದರು.

ಹೀಗಿರುವಾಗ ವಿಜ್ಞಾನಿಗಳು ಇಲಿಯ ಹೊಟ್ಟೆಗೆ ಜಂತುರಾಯನೆಂಬ ಹುಳುವನ್ನು ಬಿಟ್ಟರು. ಅಯ್ಯಯ್ಯೋ, ಆಮೇಲಿನ ಗದ್ದಲ ಏನು ಹೇಳಲಿ! ಕಾವಲುಗಾರರೆಲ್ಲ ದೊಣ್ಣೆ ಹಿಡಿದು ಅವನ ಹಿಂದೆ ಓಡಿದ್ದೇ ಓಡಿದ್ದು. ಇಲಿಯ ಮೈತುಂಬ ಅವನದೇ ಸುದ್ದಿ. ಗಡ್ಡೆಮ್ಮನಿಗೆ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು.

"ನಿನ್ನೆ ಮೊನ್ನೆ ಬಂದ ಬಡಕಲ! ನಿನಗ್ಯಾಕೋ ಈ ಮೆರವಣಿಗೆ?" ಎಂದು ಮೂತಿ ತಿವಿದಳು.

"ಅಕ್ಕಾ, ಮೆರವಣಿಗೆಯಲ್ಲ, ನನ್ನನ್ನು ಕೊಲ್ಲಲು ಬರುತ್ತಿದ್ದಾರೆ," ಎಂದ ಜಂತುರಾಯ. "ನಿನ್ನನ್ನು ಯಾರೂ ಕೇಳದಿರುವುದೇ ನಿನ್ನ ಪುಣ್ಯ. ಬಾಯಿ ಮುಚ್ಚಿಕೊಂಡಿರು."

"ಓಹೋ, ಎಲ್ಲಾ ನಿನಗೊಬ್ಬನಿಗೇ ಬೇಕೋ?" ಎಂದು ಗಡ್ಡೆಮ್ಮ ಗಂಟಲು ಹರಿಯುವಂತೆ ಕೂಗಿದಳು. "ರೀ ಕಾವಲಿನವರೇ, ಇತ್ತ ನೋಡಿ! ನಾನು ಮನೆ ಮಗಳಲ್ಲ! ಇವನಿಗಿಂತ ಹಳಬಳು, ಇವನಿಗಿಂತ ಕೆಟ್ಟವಳು!"

ದೊಣ್ಣೆ ಹೇಗೂ ಕೈಯಲ್ಲೇ ಇತ್ತು. ಅಷ್ಟೂ ಜನ ಇತ್ತ ತಿರುಗಿದರು. ಬಡಿದ ಬಡಿತಕ್ಕೆ ಕುಂಬಳಕಾಯಿಯಂತೆ ಮೆರೆಯುತ್ತಿದ್ದವಳು ಸಾಸಿವೆಕಾಳಿನಷ್ಟಾದಳು.

ಆಗಲಾದರೂ ಬುದ್ಧಿ ಬಂತೇ? ಉಳಿದಿದ್ದ ಒಂದಿಷ್ಟು ಉಸಿರಿನಲ್ಲೇ ಜಂತುರಾಯನನ್ನು ಕರೆದು ಕೇಳಿದಳು: "ನಿಜ ಹೇಳೋ, ನಿನಗಿಂತ ನನ್ನ ಸುತ್ತಲೇ ಹೆಚ್ಚು ಜನ ಸೇರಿದ್ದರು, ಅಲ್ಲವೇ?"