ಪ್ಲೂಟೊ ಕೂತ ಪಂಕ್ತಿ

ತುಂಗಭದ್ರೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಪಂಪಣ್ಣ ಅನ್ನುವ ಶಿಷ್ಯ ಊರವರಿಗೆ ಆಕಾಶ ತೋರಿಸುತ್ತಿದ್ದ. ಒಂಬತ್ತು ಗ್ರಹಗಳ ಹೆಸರನ್ನು ಅವನ ಬಾಯಲ್ಲಿ ಕೇಳುವುದೇ ಒಂದು ಸೊಗಸು.

ಒಂದು ದಿನ ಸುದ್ದಿ ಬಂತು. ಪ್ಲೂಟೊ ಇನ್ನು ಗ್ರಹವಲ್ಲ, ಕುಬ್ಜಗ್ರಹ. ವಿಜ್ಞಾನಿಗಳು ಕೂಡಿ ತೀರ್ಮಾನಿಸಿದ್ದಾರೆ.

ಊರಿಗೆ ಊರೇ ಸಿಟ್ಟಾಯಿತು. ಕಣ್ಣಾರೆ ಕಂಡವರು ಒಬ್ಬರೂ ಇಲ್ಲ, ಆದರೂ ಮನೆಮಗನನ್ನು ಹೊರಗೆ ಹಾಕಿದಷ್ಟು ಸಂಕಟ! ಹಂಪವ್ವ ಅನ್ನುವ ಮುದುಕಿಯಂತೂ ಆಶ್ರಮಕ್ಕೇ ಓಡಿಬಂದಳು.

"ಅಜ್ಜಾರ, ನಮ್ಮ ನವಗ್ರಹ ಗುಡಿಯೊಳಗ ಯಾವ ದೇವರನ್ನ ಎತ್ತಿ ಒಯ್ತಾರ?"

ಗುರುಗಳು ನಕ್ಕರು. "ಯಾರನ್ನೂ ಒಯ್ಯಂಗಿಲ್ಲವ್ವ. ಆ ಗುಡಿಯೊಳಗ ಪ್ಲೂಟೊ ಇರಲೇ ಇಲ್ಲ."

ಮುದುಕಿ ನಿಶ್ಚಿಂತೆಯಿಂದ ಹೋದಳು. ಪಂಪಣ್ಣನ ಮುಖದ ಗಂಟು ಮಾತ್ರ ಸಡಿಲಲಿಲ್ಲ.

"ಇನ್ನು ನಾನು ಯಾರಿಗೂ ಆಕಾಶ ತೋರಸಂಗಿಲ್ಲ, ಅಜ್ಜಾರ. ಪಾಪ, ತುದಿಯೊಳಗ ತನ್ನ ಪಾಡಿಗೆ ತಾನಿತ್ತು. ಅದರ ಮರ್ಯಾದಿ ತೆಗೆದರು. ಜನ ನನ್ನ ಮಾತನ್ನಾದರೂ ಯಾಕ ನಂಬಬೇಕು?"

"ಊಟಕ್ಕ ಏಳು" ಅಂದರು ಗುರುಗಳು.

ಆಶ್ರಮದಲ್ಲಿ ಹಿರಿಯರ ಪಂಕ್ತಿಯೇ ಬೇರೆ. ಅದರ ಕೊನೆಯ ಎಲೆ ಪಂಪಣ್ಣನದು. ಎಷ್ಟೋ ವರ್ಷ ಕಾದು ಪಡೆದ ಜಾಗ. ಅವತ್ತು ಕೂತನೋ ಇಲ್ಲವೋ, ಗುರುಗಳು ಹೇಳಿದರು: "ಅಲ್ಲಿಂದ ಏಳು. ಹೊಸಬರ ಪಂಕ್ತಿಯೊಳಗ ಕೂಡು."

ಎಲ್ಲರೂ ತಿರುಗಿ ನೋಡಿದರು. ಪಂಪಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತುಂಬಿದ ಕಣ್ಣಲ್ಲೇ ಹೋಗಿ ಹೊಸಬರ ಪಂಕ್ತಿಯಲ್ಲಿ ಖಾಲಿಯಿದ್ದ ಮೊದಲ ಎಲೆಗೆ ಕೂತ.

ಅಲ್ಲಿ ಬಡಿಸಿ ಆಗಿತ್ತು, ಸಾರು ಆರುತ್ತಿತ್ತು, ಯಾರೂ ಕೈ ಇಟ್ಟಿರಲಿಲ್ಲ. ಪಂಕ್ತಿಯ ಹಿರಿಯ ಮೊದಲ ತುತ್ತು ಎತ್ತುವವರೆಗೆ ಉಳಿದವರು ಉಣ್ಣುವಂತಿಲ್ಲ. ಅದು ಆಶ್ರಮದ ಪದ್ಧತಿ. ಇವರೋ ಅವತ್ತಷ್ಟೇ ಬಂದವರು, ಹಿರಿಯನೇ ಇರಲಿಲ್ಲ. ಹಸಿದವರೆಲ್ಲ ಈಗ ಪಂಪಣ್ಣನ ಕೈಯನ್ನೇ ನೋಡುತ್ತಿದ್ದರು.

ಅವನು ತುತ್ತೆತ್ತಿದ. ಪಂಕ್ತಿಗೆ ಪಂಕ್ತಿಯೇ ಗಬಗಬ ಉಂಡಿತು.

ಪಕ್ಕದವನು ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೇಳಿದ: "ಅಣ್ಣಾರ, ಆಕಾಶ ತೋರಸೋರು ನೀವೇ ಏನ್ರಿ?"

"ಹೌದು" ಅಂದುಬಿಟ್ಟ ಪಂಪಣ್ಣ. ಅಂದಮೇಲೆ ಅವನಿಗೇ ನಗು ಬಂತು.

ಕೈ ತೊಳೆದು ಗುರುಗಳ ಹತ್ತಿರ ಬಂದ. "ಅಜ್ಜಾರ, ನನ್ನನ್ನ ಕೆಳಗಿಳಿಸಿದಿರೇನು?"

"ಪ್ಲೂಟೊದ ಆಚೆ ಏನೈತಿ?"

"ಅಂಥವು ಇನ್ನೂ ಎಷ್ಟೋ ಅದಾವಂತ. ಹೊಸ ಹೊಸವು ಸಿಗತಾನೇ ಅದಾವ."

"ಮತ್ತ, ಅವುಕ್ಕೂ ಮೊದಲ ತುತ್ತು ಎತ್ತೋರು ಬ್ಯಾಡೇನಪ?"